ಗಂಗಳದ ಅನ್ನ, ಹೊಲದ ರಾಗಿ: ನಮ್ಮ ಊಟ ನಿರ್ಧಾರವಾಗುವುದು ಎಲ್ಲಿ?

ಹಳ್ಳಿಗಳಲ್ಲಿ ಈಗ ಆರೋಗ್ಯ ತಪಾಸಣೆ ಶಿಬಿರ ನಡೆದರೆ ಸಾಲು ನಿಲ್ಲುವವರಲ್ಲಿ ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು ಬಹಳ. ಜೊತೆಗೆ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು. ಎಲ್ಲರಿಗೂ ಒಂದೇ ಬುದ್ಧಿಮಾತು: ಅನ್ನ ಕಡಿಮೆ ಮಾಡಿ, ಮುದ್ದೆ ತಿನ್ನಿ, ಸೊಪ್ಪು ಕಾಳು ಜಾಸ್ತಿ ಮಾಡಿ, ಎಣ್ಣೆ ತಿಂಡಿ ಬಿಡಿ. ಮಾತು ಸರಿಯೇ. ಆದರೆ ಹೇಳುವ ಧಾಟಿ ಮಾತ್ರ, ನಾವು ನಾಲಿಗೆ ಚಪಲಕ್ಕೆ ಮುದ್ದೆ ಬಿಟ್ಟು ಅನ್ನಕ್ಕೆ ಬಿದ್ದವರು, ಮನಸ್ಸು ಗಟ್ಟಿ ಮಾಡಿದರೆ ನಾಳೆಯಿಂದಲೇ ಎಲ್ಲ ಸರಿಹೋಗುತ್ತೆ ಅನ್ನೋ ಹಾಗಿರುತ್ತೆ.

ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದು. ಅದರಲ್ಲೂ ತುಮಕೂರು, ಹಾಸನ, ರಾಮನಗರ, ಮಂಡ್ಯ, ಕೋಲಾರದ ಕಡೆಯದೇ ದೊಡ್ಡ ಪಾಲು. ಅಂಥ ಜಾಗದಲ್ಲಿ, ರಾಗಿ ಬೆಳೆಯುವವರ ಮನೆಯಲ್ಲೇ ದಿನಕ್ಕೆ ಎರಡು ಹೊತ್ತು ಅನ್ನವಾಗಿದ್ದು ಹೇಗೆ? ಇದಕ್ಕೆ ನಾಲಿಗೆಯನ್ನು ಮಾತ್ರ ಬೈದರೆ ಉತ್ತರ ಸಿಗುವುದಿಲ್ಲ. ಹೊಲ, ಗಿರಣಿ, ಬೆಲೆ, ರೇಷನ್ ಅಂಗಡಿ, ಈ ನಾಲ್ಕನ್ನೂ ನೋಡಬೇಕು. ಮೂರೂವರೆ ಎಕರೆ ಖುಷ್ಕಿಯಲ್ಲಿ ಬೇಸಾಯ ಮಾಡುವ ನಾನು ಕಂಡದ್ದನ್ನು, ಲೆಕ್ಕ ಹಾಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಹೊಲ ಇದ್ದ ಹಾಗೆ ಊಟ

ನಮ್ಮಪ್ಪನ ಕಾಲದಲ್ಲಿ ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೆ ಒಬ್ಬರು ಸಡ್ಡೆ ಹಿಡಿದು ಅಕ್ಕಡಿ ಹಾಕಿಕೊಂಡು ಬರೋರು. ಆರೆಂಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ. ಜೊತೆಗೆ ಹುಚ್ಚೆಳ್ಳು, ಸಾಸಿವೆ. ಬದುವಿನ ಮೇಲೆ ಹರಳು. ಮಳೆ ಹಿಂದೆಬಿದ್ದು ರಾಗಿಗೆ ಹದ ಸಿಗದ ತುಂಡಿಗೆ ಹುರುಳಿ ಇಲ್ಲವೇ ಸಾಮೆ.

ಇದರಿಂದ ವರ್ಷದ ಅಡುಗೆ ತಾನಾಗಿ ಹೊಂದಿಕೊಳ್ಳುತ್ತಿತ್ತು. ಕಳೆ ತೆಗೆಯುವ ಕಾಲಕ್ಕೆ ಹೆಂಗಸರ ಮಡಿಲು ತುಂಬ ಬೆರಕೆ ಸೊಪ್ಪು: ಅಣ್ಣೆ, ಹೊನಗೊನೆ, ಗಣಿಕೆ, ಗೋಣಿಸೊಪ್ಪು. ಆಮೇಲೆ ಅಲಸಂದೆ ಕಾಯಿ. ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಹುಚ್ಚೆಳ್ಳು. ಇಬ್ಬನಿ ಬೀಳುವ ದಿನಗಳಲ್ಲಿ ಸೊಗಡಿನ ಅವರೆ, ಅದರ ಹಿಂದೆ ತೊಗರಿ. ಬೇಸಿಗೆಗೆ ಒಣಗಿದ ಕಾಳು ಮಡಕೆಯಲ್ಲಿ, ರಾಗಿ ಹಗೇವಿನಲ್ಲಿ. ಇದಕ್ಕೆ ಯಾರೂ ಸಮತೋಲನ ಆಹಾರ ಅಂತ ಹೆಸರಿಟ್ಟಿರಲಿಲ್ಲ. ಹೊಲದಲ್ಲಿ ಏನಿತ್ತೋ ಅದು ಗಂಗಳಕ್ಕೆ ಬರುತ್ತಿತ್ತು, ಅಷ್ಟೆ. ಎಲ್ಲರ ಮನೆಯಲ್ಲೂ ಹೊಟ್ಟೆ ತುಂಬ ಇತ್ತು ಅಂತ ನಾನು ಹೇಳುತ್ತಿಲ್ಲ. ಮಳೆ ಹೋದ ವರ್ಷ ಅಂಬಲಿಯೂ ತೆಳ್ಳಗಾಗುತ್ತಿತ್ತು. ಜಮೀನಿಲ್ಲದವರ ಪಾಡು ಇನ್ನೂ ಕಷ್ಟ.

ಈಗ ಹೊಲ ಬೇರೆ ಥರ ಆಗಿದೆ. ಬೋರ್‌ವೆಲ್ ಬಿದ್ದಲ್ಲಿ ಅಡಿಕೆ, ತೆಂಗು. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತವಾಯಿತು. ನೀರೆತ್ತುವ ಖರ್ಚು ರೈತನ ಲೆಕ್ಕಕ್ಕೆ ಬರದೇ ಹೋದಾಗ ನೀರು ಬೇಡುವ, ಕಾಸು ತರುವ ಬೆಳೆ ಕಡೆಗೆ ಮನಸ್ಸು ಹೋಗುವುದು ಸಹಜ. ಖುಷ್ಕಿಯಲ್ಲೇ ಉಳಿದ ರಾಗಿಯೂ ಬದಲಾಯಿತು. ಎತ್ತು ಹೋದವು, ಕೂರಿಗೆ ಅಟ್ಟ ಸೇರಿತು. ಟ್ರ್ಯಾಕ್ಟರ್ ಉಳುಮೆ, ಕೈಯಲ್ಲಿ ಎರಚುವ ಬಿತ್ತನೆ, ಕೊಯ್ಲಿಗೆ ಯಂತ್ರ. ಯಂತ್ರದ ಕೊಯ್ಲಿಗೆ ಅಕ್ಕಡಿ ಸಾಲು ಅಡ್ಡಿ. ರಾಗಿ ಕಟಾವಿನ ವೇಳೆಗೆ ಅವರೆ ಇನ್ನೂ ಹೂವಿನಲ್ಲಿರುತ್ತೆ. ಕೂಲಿ ಸಿಗದೆ ಕಳೆನಾಶಕ ಹೊಡೆದಲ್ಲಿ ಬೆರಕೆ ಸೊಪ್ಪೂ ಇಲ್ಲ. ಹೀಗೆ ಹೊಲದಲ್ಲಿ ರಾಗಿ ಇದ್ದರೂ ರಾಗಿಯ ಜೊತೆಗಾರರು ಹೋದರು. ಊಟ ಕೆಟ್ಟಿದ್ದರಲ್ಲಿ ಇದು ಮೊದಲನೇ ಹಂತ.

ಸಾಮೆ ಹೋಯಿತು, ರಾಗಿ ಉಳಿಯಿತು. ಯಾಕೆ?

ನಮ್ಮ ಕಡೆ ಒಂದು ಕಾಲಕ್ಕೆ ಸಾಮೆ, ನವಣೆ, ಹಾರಕ, ಕೊರಲೆ ಎಲ್ಲವೂ ಇದ್ದವು. ಎಲ್ಲಕ್ಕೂ ಮಳೆ ಕಡಿಮೆ ಸಾಕು, ರೋಗ ಕಡಿಮೆ. ಕೊರಲೆ ಹುಣಸೆ ಮರದ ನೆರಳಿನಲ್ಲೂ ಬರುತ್ತೆ. ಹಾಗಿದ್ದೂ ರಾಗಿ ಉಳಿದು ಇವು ಹೋದದ್ದು ಯಾಕೆ? ರುಚಿ ಕಾರಣವಲ್ಲ. ನವಣೆ ಹೋಳಿಗೆ, ಸಾಮೆ ಅನ್ನ ಉಂಡವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಕಾರಣ ಕಾಳಿನ ಮೇಲಿನ ಹೊಟ್ಟು. ಒಕ್ಕಣೆ ಮಾಡಿ ತೂರಿದರೆ ರಾಗಿ ನೇರ ಬೀಸುವುದಕ್ಕೆ ತಯಾರು. ಬೀಸೋಕಲ್ಲು ಹೋಗಿ ಊರಿಗೆ ಹಿಟ್ಟಿನ ಗಿರಣಿ ಬಂದಾಗ ರಾಗಿಗೆ ತೊಂದರೆ ಆಗಲಿಲ್ಲ. ಹತ್ತು ನಿಮಿಷದಲ್ಲಿ ಹಿಟ್ಟು. ಸಾಮೆ, ನವಣೆ, ಕೊರಲೆಗೆ ಗಟ್ಟಿ ಸಿಪ್ಪೆ ಇದೆ. ಹಾರಕಕ್ಕಂತೂ ಪದರ ಪದರ. ಒಣಗಿಸಿ, ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಬೇಕು. ಎರಡು ಹೊತ್ತಿನ ಅಕ್ಕಿಗೆ ಹೆಂಗಸರ ಅರ್ಧ ದಿನ ಹೋಗುತ್ತಿತ್ತು. ಭತ್ತದ ಮಿಲ್ಲಿಗೆ ಹಾಕಿದರೆ ಸಣ್ಣ ಕಾಳು ನುಚ್ಚಾಗುತ್ತಿತ್ತು. ಭತ್ತಕ್ಕೆ ಊರೂರಿಗೆ ಮಿಲ್ಲು ಬಂತು, ಇವಕ್ಕೆ ಬಹಳ ಕಾಲ ಯಂತ್ರವೇ ಇರಲಿಲ್ಲ.

ನಮ್ಮವ್ವ ಸಾಮೆ ಕುಟ್ಟುವುದನ್ನು ಬಿಟ್ಟಿದ್ದು ಸೋಮಾರಿತನದಿಂದ ಅಂತ ಯಾರಾದರೂ ಹೇಳಿದರೆ ಅವರ ಕೈಗೆ ಒನಕೆ ಕೊಡಬೇಕು. ಒಂದು ಧಾನ್ಯ ಊಟದಲ್ಲಿ ಉಳಿಯಬೇಕಾದರೆ ಅದನ್ನು ಬೆಳೆಯುವುದಷ್ಟೇ ಸಾಲದು, ಅಡುಗೆಮನೆಗೆ ತಲುಪಿಸುವ ದಾರಿಯೂ ಬೇಕು. ಆ ದಾರಿ ಹೆಂಗಸರ ರಟ್ಟೆಯ ಮೇಲೆ ಮಾತ್ರ ನಿಂತಿದ್ದರೆ ಬಾಳಿಕೆ ಬರುವುದಿಲ್ಲ.

ಬೆಲೆ ಮತ್ತು ರೇಷನ್ ಅಂಗಡಿ

ಇನ್ನು ಸರಕಾರದ ನೀತಿ. 1965ರಲ್ಲಿ ಎರಡು ಸಂಸ್ಥೆ ಹುಟ್ಟಿದವು. ಬೆಳೆಗೆ ಬೆಲೆ ಶಿಫಾರಸು ಮಾಡುವ ಕೃಷಿ ಬೆಲೆ ಆಯೋಗ ಒಂದು, ಆ ಬೆಲೆಗೆ ಕೊಂಡು ದಾಸ್ತಾನು ಮಾಡುವ ಭಾರತ ಆಹಾರ ನಿಗಮ ಇನ್ನೊಂದು. ಆಗ ದೇಶ ಅಮೆರಿಕದ ಗೋಧಿ ಹಡಗಿಗೆ ಕಾಯುತ್ತಿತ್ತು. 1965-66, 1966-67 ಎರಡೂ ಬರಗಾಲ. ಆ ಹೊತ್ತಿಗೆ ಬಂದ ಗಿಡ್ಡ ತಳಿಯ ಗೋಧಿ, ಭತ್ತಕ್ಕೆ ನೀರು, ಗೊಬ್ಬರ, ಸಾಲ, ಖರೀದಿ ಎಲ್ಲ ಒಟ್ಟಿಗೆ ಸಿಕ್ಕಿತು. ಹಸಿವು ನೀಗಿಸಲು ಅದು ಬೇಕಿತ್ತು.

ಆದರೆ ಸರಕಾರ ಕೊಂಡದ್ದು ಮುಖ್ಯವಾಗಿ ಗೋಧಿ, ಅಕ್ಕಿ. ಕೊಂಡದ್ದನ್ನೇ ಹಂಚಬೇಕಲ್ಲ, ಹಾಗಾಗಿ ನ್ಯಾಯಬೆಲೆ ಅಂಗಡಿಗೆ ಬಂದದ್ದೂ ಅವೇ. ರಾಗಿಗೆ ಬೆಂಬಲ ಬೆಲೆ ಕಾಗದದಲ್ಲಿ ಇದ್ದರೂ ಬಹಳ ವರ್ಷ ಕೊಳ್ಳುವವರು ಇರಲಿಲ್ಲ. ಸುಗ್ಗಿಯಲ್ಲಿ ವ್ಯಾಪಾರಿ ಕೇಳಿದ್ದೇ ರೇಟು.

ರಾಗಿಯಲ್ಲಿ ಸಂಶೋಧನೆ ಆಗಲಿಲ್ಲ ಅನ್ನುವ ಹಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಳುವರಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಅವರ ಕೆಲಸ ಇಲ್ಲದಿದ್ದರೆ ರಾಗಿಯೂ ಸಾಮೆಯ ದಾರಿ ಹಿಡಿಯುತ್ತಿತ್ತೋ ಏನೋ. ಆದರೆ ತಳಿ ಒಂದೇ ಬೆಳೆಯನ್ನು ಊಟದಲ್ಲಿ ಉಳಿಸಲಾರದು.

ಅಕ್ಕಿಯ ಬೆಲೆ ಮಾತ್ರ ಇಳಿಯುತ್ತಾ ಬಂತು. 1983ರಲ್ಲಿ ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾಯರು ಕೇಜಿಗೆ 2 ರೂಪಾಯಿಗೆ ಅಕ್ಕಿ ಕೊಟ್ಟರು. 2013ರ ಜುಲೈಯಲ್ಲಿ ನಮ್ಮಲ್ಲಿ ಅನ್ನಭಾಗ್ಯ ಶುರುವಾಗಿ ಕೇಜಿಗೆ 1 ರೂಪಾಯಿ ಆಯಿತು, 2015ರ ಮೇ ತಿಂಗಳಿಂದ ಉಚಿತ. ಅದೇ 2013ರಲ್ಲಿ ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಲೆಗೆ ತಿಂಗಳಿಗೆ 5 ಕೇಜಿ ಧಾನ್ಯ ಖಾತ್ರಿ ಮಾಡಿತು. 2023ರ ಜನವರಿಯಿಂದ ಆ ಕಾಯ್ದೆಯ ಧಾನ್ಯಕ್ಕೂ ದುಡ್ಡು ಇಲ್ಲ. ಕಾಯ್ದೆಯಲ್ಲಿ ಅಕ್ಕಿ, ಗೋಧಿ ಜೊತೆ ಸಿರಿಧಾನ್ಯ ಕೊಡುವುದಕ್ಕೂ ಅವಕಾಶ ಇದೆ. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ ಖರೀದಿ ಚೆನ್ನಾಗಿ ಆದ ವರ್ಷ ರೇಷನ್ನಿನಲ್ಲಿ ಒಂದು ಪಾಲು ರಾಗಿ ಬರುತ್ತೆ. ಉತ್ತರದಲ್ಲಿ ಅದೇ ರೀತಿ ಜೋಳ.

ಅಕ್ಕಿಯ ಉಪಕಾರವನ್ನೂ ಹೇಳಬೇಕು

ರೇಷನ್ ಅಕ್ಕಿಯನ್ನು ಹಳಿಯುವುದು ಈಗ ಉಳ್ಳವರ ಚಾಳಿಯಾಗಿದೆ. ನಾನು ಅದಕ್ಕೆ ಸೇರುವವನಲ್ಲ. ಕೂಲಿ ಇಲ್ಲದ ತಿಂಗಳು ಒಲೆ ಉರಿದದ್ದು ಆ ಅಕ್ಕಿಯಿಂದ. ಅಕ್ಕಿಗಾಗಿ ಸಾಹುಕಾರನ ಬಾಗಿಲಲ್ಲಿ ನಿಂತು, ಕೂಲಿ ಮುಂಗಡ ಬರೆಸಿಕೊಂಡು ಬರುವುದು ತಪ್ಪಿದೆ. ಅನ್ನ ಮಾಡುವುದು ಸಲೀಸು. ಮುದ್ದೆ ಕಟ್ಟುವುದಕ್ಕೆ ರಟ್ಟೆ ಬೇಕು, ಬಿಸಿ ತಡೆಯಬೇಕು, ಹೊತ್ತು ಹೊತ್ತಿಗೆ ಮಾಡಬೇಕು. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಗಳು ಕುಕ್ಕರ್ ಇಟ್ಟು ಹೋಗುತ್ತಾಳೆ. ಅದನ್ನು ತಪ್ಪು ಅನ್ನಲು ನಾವು ಯಾರು?

ಮರ್ಯಾದೆಯ ವಿಷಯವೂ ಇದೆ. ನೆಂಟರು ಬಂದರೆ ಅನ್ನ, ಹಬ್ಬಕ್ಕೆ ಅನ್ನ, ದಿನಕ್ಕೆ ಮುದ್ದೆ ಅನ್ನೋದು ನಮ್ಮಲ್ಲಿ ಹಳೇ ಭೇದ. ಕನಕದಾಸರು 16ನೇ ಶತಮಾನದಲ್ಲೇ ರಾಮಧಾನ್ಯ ಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದ ರಾಗಿಯನ್ನು ಗೆಲ್ಲಿಸಿದರು. ಕಾವ್ಯದಲ್ಲಿ ರಾಗಿ ಗೆದ್ದರೂ ಪಂಕ್ತಿಯಲ್ಲಿ ಗೆಲ್ಲಲಿಲ್ಲ. ದಿನಾ ಅನ್ನ ಉಣ್ಣುವುದು ಬಡವನ ಪಾಲಿಗೆ ಏಣಿಯ ಒಂದು ಮೆಟ್ಟಿಲು ಹತ್ತಿದ ಹಾಗೆ ಇತ್ತು. ಈಗ ಪಟ್ಟಣದವರು ಸಿರಿಧಾನ್ಯವನ್ನು ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಳ್ಳುವಾಗ ಹಳ್ಳಿಯವರು ಮುಸಿಮುಸಿ ನಗುವುದು ಇದಕ್ಕೇ.

ಒಂದು ಸಣ್ಣ ಲೆಕ್ಕ

2017-18ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 1,900 ರೂ. ಇತ್ತು. 2018-19ಕ್ಕೆ ಒಂದೇ ಸಲ 2,897 ರೂ. ಆಯಿತು. 2025-26ಕ್ಕೆ 4,886 ರೂ. ಅದೇ ವರ್ಷ ಸಾಧಾರಣ ಭತ್ತಕ್ಕೆ 2,369 ರೂ. ಅಂದರೆ ಕಾಗದದಲ್ಲಿ ರಾಗಿ ಈಗ ಭತ್ತದ ಎರಡರಷ್ಟು. ರೈತನಿಗೆ ಇದು ಒಳ್ಳೆಯದೇ. ಆದರೆ ಇದೇ ಬೆಲೆ ಮನೆ ಊಟಕ್ಕೆ ಏನು ಮಾಡುತ್ತೆ ನೋಡಿ.

ಐದು ಜನರ ಮನೆಗೆ ತಿಂಗಳಿಗೆ ಕಾಯ್ದೆಯಂತೆ 25 ಕೇಜಿ ಧಾನ್ಯ ಬಿಟ್ಟಿ. ಅದರ ಬದಲು ಸ್ವಂತ ರಾಗಿ 25 ಕೇಜಿ ಉಂಡರೆ, ಬೆಂಬಲ ಬೆಲೆಯಲ್ಲಿ 1,221 ರೂಪಾಯಿ 50 ಪೈಸೆ ಕೈಬಿಟ್ಟ ಹಾಗೆ. ಗ್ಯಾಸಿಗೂ ಮಕ್ಕಳ ಫೀಸಿಗೂ ಆಗುವ ದುಡ್ಡು. ಅದಕ್ಕೇ ರಾಗಿ ಮೂಟೆ ಖರೀದಿ ಕೇಂದ್ರಕ್ಕೆ ಹೋಗುತ್ತೆ, ಅಕ್ಕಿ ಚೀಲ ಮನೆಗೆ ಬರುತ್ತೆ. ಇಲ್ಲಿ ಯಾರೂ ದಡ್ಡರಲ್ಲ. ಲೆಕ್ಕ ಬಲ್ಲವರು ಯಾರಾದರೂ ಹೀಗೇ ಮಾಡುತ್ತಾರೆ. ರಾಗಿ ತಿನ್ನಿ ಅನ್ನೋ ಬುದ್ಧಿಮಾತು ಸೋಲುವುದು ಈ ಲೆಕ್ಕದ ಮುಂದೆ.

ಅನ್ನ ಬಂದಾಗ ಜೊತೆಗೆ ಏನೇನು ಹೋಯಿತು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿ ಪ್ರಕಾರ 100 ಗ್ರಾಂ ರಾಗಿ ಮತ್ತು 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಇರುವುದು ಸುಮಾರು ಹೀಗೆ:

ಸುಣ್ಣದ ಅಂಶ – ರಾಗಿ 364 ಮಿ.ಗ್ರಾಂ, ಅಕ್ಕಿ 7.5 ಮಿ.ಗ್ರಾಂ
ಕಬ್ಬಿಣ – ರಾಗಿ 4.6 ಮಿ.ಗ್ರಾಂ, ಅಕ್ಕಿ 0.65 ಮಿ.ಗ್ರಾಂ
ನಾರು – ರಾಗಿ 11.2 ಗ್ರಾಂ, ಅಕ್ಕಿ 2.8 ಗ್ರಾಂ
ಪ್ರೋಟೀನು – ರಾಗಿ 7.2 ಗ್ರಾಂ, ಅಕ್ಕಿ 7.9 ಗ್ರಾಂ
ಪಿಷ್ಟ, ಸಕ್ಕರೆ ಅಂಶ – ರಾಗಿ 67 ಗ್ರಾಂ, ಅಕ್ಕಿ 78 ಗ್ರಾಂ

ಇದರಲ್ಲಿ ಎರಡು ಪಾಠ ಇದೆ. ಸುಣ್ಣ, ಕಬ್ಬಿಣ, ನಾರಿನಲ್ಲಿ ರಾಗಿಗೆ ಅಕ್ಕಿ ಸಾಟಿಯಿಲ್ಲ. ರಾಗಿಯ ಮೇಲುಪದರ ಕಾಳಿಗೆ ಅಂಟಿಕೊಂಡೇ ಇರುವುದರಿಂದ ಅಕ್ಕಿಯ ಹಾಗೆ ಪಾಲಿಶ್ ಮಾಡಲು ಬರುವುದಿಲ್ಲ. ಇಡೀ ಕಾಳು ಹಿಟ್ಟಾಗುತ್ತೆ. ಅದೇ ಅದರ ಗುಣ ಉಳಿಸಿದೆ. ತೀರಾ ನುಣ್ಣಗೆ ಜರಡಿ ಹಿಡಿದು ತವುಡು ಚೆಲ್ಲಿದರೆ ಆ ಗುಣ ಕಳೆದುಕೊಂಡ ಹಾಗೆ.

ಎರಡನೇದು, ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಎರಡು ದಪ್ಪ ಮುದ್ದೆ ನುಂಗಿ ಸಕ್ಕರೆ ಕಾಯಿಲೆ ಹತ್ತಿರ ಬರುವುದಿಲ್ಲ ಅಂದುಕೊಂಡರೆ ಅದು ಭ್ರಮೆ. ಕಾಯಿಲೆ ಇರುವವರು ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನೇ ಕೇಳಬೇಕು. ಗುಳಿಗೆ ಬಿಟ್ಟು ಮುದ್ದೆ ಹಿಡಿಯುವುದಂತೂ ಅಪಾಯ.

ಮುದ್ದೆಯ ನಿಜವಾದ ಲಾಭ ಅದರ ಪಕ್ಕದಲ್ಲಿ ಇರುತ್ತೆ. ಅನ್ನ ತಿಳಿಸಾರಿಗೂ ಇಳಿಯುತ್ತೆ, ಮಜ್ಜಿಗೆ ಉಪ್ಪಿನಕಾಯಿಗೂ ಇಳಿಯುತ್ತೆ. ಮುದ್ದೆ ಹಾಗೆ ಬಿಡುವುದಿಲ್ಲ. ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು, ಅವರೆಕಾಳು ಸಾರು, ಏನಾದರೂ ಗಟ್ಟಿ ಇರಲೇಬೇಕು. ಒಣ ಕಾಳುಗಳಲ್ಲಿ 100 ಗ್ರಾಮಿಗೆ 20 ಗ್ರಾಂ ಆಸುಪಾಸು ಪ್ರೋಟೀನು ಇದೆ. ಮುದ್ದೆ ಗಂಗಳದಿಂದ ಎದ್ದಾಗ ಸೊಪ್ಪು, ಕಾಳು ಅದರ ಹಿಂದೆ ಎದ್ದವು. ನಷ್ಟ ಆದದ್ದು ಅಲ್ಲಿ.

ಎಣ್ಣೆಯ ಕಥೆಯೂ ಹೀಗೇ. ಹುಚ್ಚೆಳ್ಳು, ಕಡಲೆಕಾಯಿ ಗಾಣಕ್ಕೆ ಹೋಗಿ ಮನೆಗೆ ಎಣ್ಣೆ, ಎತ್ತಿಗೆ ಹಿಂಡಿ ಬರುತ್ತಿತ್ತು. ಎಣ್ಣೆ ಅಳೆದು ಬಳಸುವ ಪದಾರ್ಥವಾಗಿತ್ತು. 1994ರಲ್ಲಿ ಪಾಮೋಲಿನ್ ಆಮದಿನ ಬಾಗಿಲು ತೆರೆಯಿತು. ಈಗ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅಗ್ಗದ ಎಣ್ಣೆ ಬಂದ ಮೇಲೆ ಬಜ್ಜಿ, ಬೋಂಡ, ಕುರುಕು ತಿಂಡಿ ದಿನನಿತ್ಯದ್ದಾದವು. ಶಾಲೆ ಪಕ್ಕದ ಗೂಡಂಗಡಿಯಲ್ಲಿ 5 ರೂಪಾಯಿ ಪೊಟ್ಟಣಗಳ ಮಾಲೆ ನೇತಾಡುತ್ತೆ. ಅದೇ ಅಂಗಡಿಯಲ್ಲಿ ಒಂದು ಸೀಬೆಹಣ್ಣು ಸಿಗುವುದಿಲ್ಲ. ಮಗು ಏನು ತಿನ್ನಬೇಕು ಅನ್ನೋದು ಅಲ್ಲೇ ತೀರ್ಮಾನ ಆಯಿತಲ್ಲವೇ?

ಮೈಯ ಲೆಕ್ಕ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ ನಮ್ಮ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿತು. ಕಾಯಿಲೆಯ ಹೊಸ್ತಿಲಲ್ಲಿ ಇರುವವರು ಇನ್ನೂ 13 ಕೋಟಿ 60 ಲಕ್ಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಒಂದೇ ಮನೆಯಲ್ಲಿ ಮಾವನಿಗೆ ಸಕ್ಕರೆ, ಸೊಸೆಗೆ ರಕ್ತ ಕಡಿಮೆ, ಮೊಮ್ಮಗುವಿಗೆ ಬೆಳವಣಿಗೆ ಸಾಲದು. ಹೊಟ್ಟೆ ಮೂವರದೂ ತುಂಬಿರುತ್ತೆ. ಎಲ್ಲದಕ್ಕೂ ಅನ್ನವೊಂದೇ ಕಾರಣ ಅಲ್ಲ. ದುಡಿಮೆ ಕಡಿಮೆಯಾದದ್ದು, ಹೊಗೆಸೊಪ್ಪು, ಹೆಂಡ, ಜಂತುಹುಳು, ಚಿಕ್ಕ ವಯಸ್ಸಿನ ಮದುವೆ, ವಂಶದ ಗುಣ ಎಲ್ಲ ಸೇರಿವೆ. ಆದರೆ ಸೊಪ್ಪು, ಕಾಳು ಹೋದ ಗಂಗಳ ಇದರಲ್ಲಿ ದೊಡ್ಡ ಪಾಲುದಾರ. ಹೊಟ್ಟೆ ತುಂಬಿಸುವ ನೀತಿ ಗೆದ್ದಿದೆ, ಮೈ ಬೆಳೆಸುವ ನೀತಿ ಇನ್ನೂ ಪೂರ್ತಿ ಬಂದಿಲ್ಲ.

ಒಂದು ವಾರ ಬರೆದು ನೋಡಿ

ನಿಮ್ಮ ಮನೆಯಲ್ಲಿ ಏನಾಗುತ್ತಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಹಳೇ ನೋಟ್‌ಬುಕ್ಕಿನಲ್ಲಿ ಮೂರು ಗೀಟು ಹಾಕಿ ನಾಲ್ಕು ಕಾಲಂ ಮಾಡಿ: ಏನು ಉಂಡೆವು, ಅದು ಎಲ್ಲಿಂದ ಬಂತು (ಹೊಲ, ಸೊಸೈಟಿ, ಅಂಗಡಿ), ಎಷ್ಟು ದುಡ್ಡು, ಅಡುಗೆ ಮಾಡಿದವರಿಗೆ ಎಷ್ಟು ಹೊತ್ತು ಹಿಡೀತು. ಏಳು ದಿನ ಬರೆದರೆ ಸಾಕು. ಮಕ್ಕಳು ಹೊರಗೆ ತಿಂದದ್ದನ್ನೂ ಸೇರಿಸಿ.

ನಾವು ಪುಷ್ಯ ಮಾಸದಲ್ಲಿ ಒಂದು ವಾರ, ಚೈತ್ರದಲ್ಲಿ ಒಂದು ವಾರ ಬರೆದೆವು. ಪುಷ್ಯದಲ್ಲಿ ಏಳು ರಾತ್ರಿಯಲ್ಲಿ ಐದು ರಾತ್ರಿ ಮುದ್ದೆ, ಯಾಕಂದರೆ ಹೊಲದಲ್ಲಿ ಅವರೆಕಾಯಿ ಇತ್ತು. ಚೈತ್ರದಲ್ಲಿ ಎರಡೇ ರಾತ್ರಿ. ರಾಗಿ ಮನೆಯಲ್ಲಿ ಇದ್ದೇ ಇತ್ತು, ಸಾರಿಗೆ ಹಾಕುವ ಕಾಳು ಸೊಪ್ಪು ಇರಲಿಲ್ಲ. ಎಣ್ಣೆ ಎರಡೂ ವಾರ ಅಂಗಡಿಯದೇ. ನಮ್ಮ ಮನೆಯವರು ಪುಸ್ತಕ ನೋಡಿ, "ಮುದ್ದೆ ಬೇಕು ಅನ್ನೋರು ಮೊದಲು ಸಾರಿಗೆ ದಾರಿ ಮಾಡಿ" ಅಂದರು. ಈ ಇಡೀ ಲೇಖನದ ಸಾರ ಆ ಒಂದು ಮಾತಿನಲ್ಲಿದೆ.

ನಮ್ಮ ಕೈಲಿ ಆಗುವುದು

ಮೊದಲನೇದು, ಮಾರುವ ಮುಂಚೆ ಮನೆಗೆ ತೆಗೆದಿಡುವುದು. ತಲೆಗೆ ದಿನಕ್ಕೆ ಒಂದು ಮುದ್ದೆ, ಮುದ್ದೆಗೆ 120 ಗ್ರಾಂ ಹಿಟ್ಟು ಅಂದುಕೊಳ್ಳಿ. ಐದು ಜನಕ್ಕೆ ವರ್ಷಕ್ಕೆ 219 ಕೇಜಿ. ಮಳೆ ಆಶ್ರಯದಲ್ಲಿ ಎಕರೆಗೆ 8 ಕ್ವಿಂಟಾಲ್ ಹಿಡಿದರೆ ಗುಂಟೆಗೆ 20 ಕೇಜಿ, ಅಂದರೆ 11 ಗುಂಟೆ ರಾಗಿ ಸಾಕು. ಬೆಂಬಲ ಬೆಲೆಯಲ್ಲಿ ಇದು 10,700 ರೂಪಾಯಿ ಆಗುತ್ತೆ. ಚಿಕ್ಕ ಮೊತ್ತ ಅಲ್ಲ. ಪೂರ್ತಿ ಆಗದಿದ್ದರೆ ಬಸುರಿ, ಬಾಣಂತಿ, ಮಕ್ಕಳ ಪಾಲಿನದನ್ನಾದರೂ ತೆಗೆದಿಡಿ.

ಎರಡನೇದು, ಆ 11 ಗುಂಟೆಯಲ್ಲಿ ಯಂತ್ರ ಬಿಡದೆ ಅಕ್ಕಡಿ ಹಾಕುವುದು. ಹೊಲವಿಡೀ ಹಳೇ ಪದ್ಧತಿಗೆ ತರುವುದು ಕೂಲಿ ಇಲ್ಲದ ಕಾಲದಲ್ಲಿ ಆಗದ ಮಾತು. ಮನೆಗೆ ಹತ್ತಿರದ ತುಂಡು ಆರಿಸಿ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಹಾಕಿ. ಕಳೆನಾಶಕ ಅಲ್ಲಿಗೆ ಬೇಡ. ಬೆರಕೆ ಸೊಪ್ಪು ಬಿಟ್ಟಿ ಸಿಗುತ್ತೆ.

ಮೂರನೇದು, ಬೇಸಿಗೆ ಸಾರಿನ ಏರ್ಪಾಡು. ಬಚ್ಚಲು ನೀರಿಗೆ ಬಸಳೆ, ಹಿತ್ತಲಿಗೆ ಎರಡು ನುಗ್ಗೆ. ನುಗ್ಗೆ ಸೊಪ್ಪು ಬಿಸಿಲಿನಲ್ಲೂ ಚಿಗುರುತ್ತೆ. ಹುರುಳಿ, ಒಣ ಅವರೆ ಬೂದಿಗೆ ಬೆರೆಸಿ ಇಟ್ಟರೆ ಹುಳು ಕಡಿಮೆ. ಹುರುಳಿಯನ್ನು ನೆನೆಸಿ ಮೊಳಕೆ ಕಟ್ಟಿದರೆ ಬೇಗ ಬೇಯುತ್ತೆ, ಚೆನ್ನಾಗಿ ಅರಗುತ್ತೆ.

ನಾಲ್ಕನೇದು, ಹಾಲು. ಕ್ಯಾನು ಡೈರಿಗೆ ಹೋಗುವ ಮುಂಚೆ ಮಕ್ಕಳ ಲೋಟ ತುಂಬಲಿ.

ಐದನೇದು, ಗಂಡಸರು ಮುದ್ದೆ ಕೋಲು ಹಿಡಿಯುವುದು. ಕಳ ಮಾಡಿ ಮೂಟೆ ಹೊರುವ ರಟ್ಟೆಗೆ ಅದು ಭಾರವಲ್ಲ.

ಊರು, ಸರಕಾರ ಮಾಡಬೇಕಾದದ್ದು

ಒಬ್ಬೊಬ್ಬರ ಮನೆಯಲ್ಲಿ ಮುಗಿಯುವ ಕೆಲಸ ಇದಲ್ಲ. ಒಡಿಶಾ ಸರಕಾರ 2017ರಲ್ಲಿ ಕೋರಾಪುಟ್ ಮುಂತಾದ ಬುಡಕಟ್ಟು ಜಿಲ್ಲೆಗಳಲ್ಲಿ ಸಿರಿಧಾನ್ಯ ಯೋಜನೆ ಶುರು ಮಾಡಿದಾಗ ಎಲ್ಲ ಕೊಂಡಿಗಳನ್ನೂ ಒಟ್ಟಿಗೆ ಹಿಡಿಯಿತು. ಬೆಳೆಯುವವರಿಗೆ ಪ್ರೋತ್ಸಾಹಧನ, ಮಹಿಳಾ ಸಂಘಗಳ ಕೈಗೆ ಹಳ್ಳಿ ಮಟ್ಟದ ಸಂಸ್ಕರಣಾ ಯಂತ್ರ, ಬೆಂಬಲ ಬೆಲೆಗೆ ರಾಗಿ ಖರೀದಿ, ಖರೀದಿಸಿದ ರಾಗಿ ರೇಷನ್ನಿಗೆ, ಕೆಲವು ಜಿಲ್ಲೆಗಳಲ್ಲಿ ಅಂಗನವಾಡಿ ಮಕ್ಕಳಿಗೆ ರಾಗಿ ಲಾಡು. ಹೊಲದಿಂದ ಬಾಯಿವರೆಗಿನ ಸರಪಳಿ ಅದು.

ನಮ್ಮಲ್ಲೂ ತುಂಡು ತುಂಡಾಗಿ ಕೆಲಸ ಆಗಿದೆ. 2019-20ರ ಬಜೆಟ್ಟಿನಲ್ಲಿ ಬಂದ ರೈತ ಸಿರಿ ಯೋಜನೆ ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂ. ಗೊತ್ತು ಮಾಡಿತು. ಶಾಲೆಯ ಬಿಸಿಯೂಟ 2002ರಲ್ಲಿ ಶುರುವಾದಾಗಿನಿಂದ ಅನ್ನ ಸಾಂಬಾರಿನ ಮೇಲೆ ನಿಂತಿದೆ. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಏರ್ಪಾಡು ಬಂತು. ತಮಿಳುನಾಡಿನ ರೇಷನ್ನಿನಲ್ಲಿ 2007ರಿಂದ ತೊಗರಿಬೇಳೆ ಕಡಿಮೆ ಬೆಲೆಗೆ ಸಿಗುತ್ತಿದೆ.

ನಾವು ಗ್ರಾಮಸಭೆಯಲ್ಲಿ, ರೈತ ಸಂಘಗಳಲ್ಲಿ ಕೇಳಬೇಕಾದ್ದು ಇಷ್ಟು: ಸುಗ್ಗಿ ಮುಗಿದ ಕೂಡಲೇ ರಾಗಿ ಖರೀದಿ ಕೇಂದ್ರ ತೆರೆಯಲಿ, ಸಣ್ಣ ರೈತ ಕಣದಲ್ಲೇ ವ್ಯಾಪಾರಿಗೆ ಕೊಡುವಂತೆ ಆಗಬಾರದು. ರೇಷನ್ನಿನಲ್ಲಿ ರಾಗಿ ವರ್ಷವಿಡೀ ಇರಲಿ, ಜೊತೆಗೆ ಕಾಳು ಇರಲಿ. ಹೋಬಳಿಗೆ ಒಂದಾದರೂ ಸಾಮೆ, ನವಣೆ, ಕೊರಲೆಯ ಸಿಪ್ಪೆ ಬಿಡಿಸುವ ಯಂತ್ರ ಮಹಿಳಾ ಸಂಘದ ಕೈಯಲ್ಲಿರಲಿ. ಬಿಸಿಯೂಟದ ಸೊಪ್ಪು, ಕಾಳನ್ನು ಅದೇ ಊರಿನ ರೈತರಿಂದ ಕೊಳ್ಳಲಿ. ಅಕ್ಕಿ ನಿಲ್ಲಿಸಿ ಅಂತ ಯಾರೂ ಕೇಳುವುದು ಬೇಡ. ಅದರ ಪಕ್ಕದಲ್ಲಿ ಬೇರೆಯದೂ ಬರಲಿ.

ಮುಂದಿನ ಸಲ ಶಿಬಿರದಲ್ಲಿ ಡಾಕ್ಟರು ಮುದ್ದೆ ತಿನ್ನಿ ಅಂದರೆ ತಲೆ ಆಡಿಸಿ. ಮನೆಗೆ ಬಂದು, ರಾಗಿ ಯಾವ ತುಂಡಿನದು, ಸಾರಿಗೆ ಕಾಳು ಎಲ್ಲಿಂದ, ಕಟ್ಟುವ ಕೈ ಯಾರದು ಅಂತ ಮನೆಯವರೆಲ್ಲ ಕೂತು ಮಾತಾಡಿ. ಅಕ್ಕಡಿ ಉಳಿಸಿಕೊಂಡವರು, ಊರಿನಲ್ಲಿ ಸಿರಿಧಾನ್ಯದ ಯಂತ್ರ ನಡೆಸುತ್ತಿರುವವರು ನಮ್ಮ ಓದುಗರಲ್ಲಿ ಖಂಡಿತ ಇದ್ದೀರಿ. ಯಂತ್ರದ ಖರ್ಚು, ಕರೆಂಟ್ ತೊಂದರೆ, ನುಚ್ಚಿನ ಪ್ರಮಾಣ, ಬಾಡಿಗೆ ಎಷ್ಟು ಗಿಟ್ಟುತ್ತೆ ಅನ್ನೋದನ್ನು ಪತ್ರಿಕೆಗೆ ಬರೆದು ತಿಳಿಸಿ. ಉಳಿದವರಿಗೆ ಈಗ ಬೇಕಾಗಿರುವುದು ಆ ಲೆಕ್ಕ.